ತೋಟದ ಪೈಪು, ಕಾರಿನ ಗಾಜು

ಇವತ್ತಿಗೂ ಮುಂದೆ ಮಣ್ಣಿನ ಟಿಪ್ಪರ್ ಹೋಗುತ್ತಿದ್ದರೆ ನಾನು ಕಾರನ್ನು ನಿಧಾನ ಮಾಡಿ ಹಿಂದುಳಿದುಬಿಡುತ್ತೇನೆ. ಹಿಂದಿನವರು ಹಾರನ್ ಹೊಡೆಯುತ್ತಾರೆ, ಹೊಡೆಯಲಿ. ಎಡಗೈ ತಾನಾಗಿಯೇ ಸ್ಟೀರಿಂಗ್ ಪಕ್ಕದ ವೈಪರ್ ಕಡ್ಡಿಯ ಮೇಲೆ ಹೋಗಿ ಕೂರುತ್ತದೆ. ಒಮ್ಮೆ ಎಳೆದು, ಗಾಜಿಗೆ ನೀರು ಚಿಮ್ಮುವುದನ್ನು ಕಣ್ಣಾರೆ ನೋಡಿದ ಮೇಲೆಯೇ ಉಸಿರು ಸರಿಹೋಗುವುದು. ಇದು ಕಾರು ಕಲಿತ ಮೇಲೆ ಬಂದ ಅಭ್ಯಾಸವಲ್ಲ. ಅದಕ್ಕೂ ಮೊದಲೇ, ಅತ್ತಿಗೆಯ ಪಕ್ಕದ ಸೀಟಿನಲ್ಲಿ ಕೂತಿದ್ದ ಒಂದು ಸಂಜೆ ಅಂಟಿಕೊಂಡದ್ದು.

ನಮ್ಮೂರು ಕುಂದಾಣದ ಕಡೆ. ಹತ್ತಿರದಲ್ಲೇ ಏರ್‌ಪೋರ್ಟ್ ಬಂದು, ಮನೆಯ ಮೇಲೆ ವಿಮಾನಗಳು ಹಾರಲು ಶುರುವಾಗಿ ಒಂದೆರಡು ವರ್ಷವಾಗಿತ್ತು. ಅಮ್ಮ ಅಷ್ಟರಲ್ಲೇ ತಲೆ ಎತ್ತಿ ನೋಡುವುದನ್ನು ಬಿಟ್ಟಿದ್ದಳು. ನಮ್ಮನ್ನು ಕಾಡುತ್ತಿದ್ದದ್ದು ಆಕಾಶವಲ್ಲ, ರಸ್ತೆ. ಎಲ್ಲೆಲ್ಲೋ ಲೇಔಟ್ ಆಗುತ್ತಿತ್ತು, ಎಲ್ಲಿಂದಲೋ ಮಣ್ಣು ಹೋಗುತ್ತಿತ್ತು. ಟಿಪ್ಪರುಗಳು ಹೋದ ದಾರಿಯಲ್ಲಿ ಬೇಲಿ ಗಿಡಗಳೂ ಕೆಂಪಾಗಿದ್ದವು. ಕಾರಿನ ಗಾಜನ್ನು ಬೆಳಿಗ್ಗೆ ತೊಳೆದರೆ ಮಧ್ಯಾಹ್ನದೊಳಗೆ ಅದರ ಮೇಲೆ ಬೆರಳಲ್ಲಿ ಬರೆಯಬಹುದಿತ್ತು.

ಅಣ್ಣನಿಗೆ ಏರ್‌ಪೋರ್ಟಿನ ಕಾರ್ಗೋದಲ್ಲಿ ಶಿಫ್ಟ್ ಕೆಲಸ. ಉಳಿದ ಹೊತ್ತು ದ್ರಾಕ್ಷಿ ತೋಟ. ಅವನನ್ನು ಕಂಪನಿ ಬಸ್ಸೇ ಕರೆದೊಯ್ಯುತ್ತಿದ್ದುದರಿಂದ ಅವನು ಸೆಕೆಂಡ್ ಹ್ಯಾಂಡಿಗೆ ಕೊಂಡಿದ್ದ ಬಿಳಿ ಕಾರು ಹುಲ್ಲಿನ ಬಣವೆಯ ಪಕ್ಕ ಸುಮ್ಮನೆ ನಿಂತಿರುತ್ತಿತ್ತು. ಅತ್ತಿಗೆಗೆ ದೊಡ್ಡಬಳ್ಳಾಪುರದ ಗಾರ್ಮೆಂಟ್ಸಿನಲ್ಲಿ ಕೆಲಸ, ಹೊಲಿದ ಅಂಗಿಗಳ ತಪ್ಪು ಹುಡುಕುವುದು. ಫ್ಯಾಕ್ಟರಿ ವ್ಯಾನು ಊರೊಳಗೆ ಬರುತ್ತಿರಲಿಲ್ಲ. ಕತ್ತಲಿರುವಾಗಲೇ ಕ್ರಾಸಿನವರೆಗೆ ನಡೆದುಹೋಗಿ ನಿಲ್ಲಬೇಕು, ನಿಂತರೂ ಸೀಟು ಸಿಗುತ್ತದೆಂದು ಹೇಳುವಂತಿರಲಿಲ್ಲ. ಅಣ್ಣನೇ ಒಂದು ಬೇಸಿಗೆ ಕೊಯ್ಲಾದ ರಾಗಿ ಹೊಲದಲ್ಲಿ ಅವಳಿಗೆ ಕಾರು ಕಲಿಸಿದ. ಆಮೇಲೆ ಅವಳು ಕಾರಿನಲ್ಲಿ ಹೋಗತೊಡಗಿದಳು. ನಾನು ಆಗಷ್ಟೇ ಡಿಗ್ರಿ ಮುಗಿಸಿ ದೊಡ್ಡಬಳ್ಳಾಪುರದಲ್ಲೇ ಒಂದು ಆಫೀಸಿಗೆ ಸೇರಿದ್ದೆ. ಪಕ್ಕದ ಸೀಟು ನನ್ನದಾಯಿತು.

ನಮ್ಮೂರಲ್ಲಿ ಹೆಂಗಸು ಕಾರು ಓಡಿಸಿದ್ದು ಅದೇ ಮೊದಲು. ಟೀ ಅಂಗಡಿಯ ಮುಂದೆ ಕೂತವರು ಅವಳಿಗೆ ಹೆಸರಿಟ್ಟರು.

"ದಾರಿ ಬಿಡ್ರಪ್ಪಾ, ಪೈಲಟಮ್ಮ ಬಂದ್ರು."

"ಮೇಲಕ್ಕೇಳ್ತದಾ ನೋಡ್ಲಾ ಗಾಡಿ."

ಅತ್ತಿಗೆ ಗಾಜು ಇಳಿಸಿ, "ಏಳ್ತದೆ ಮಾವ, ಟಿಕೆಟ್ ತಗೊಂಡ್ ಬನ್ನಿ" ಎನ್ನುತ್ತಿದ್ದಳು. ಅಮ್ಮನಿಗೆ ಮಾತ್ರ ಇದು ನಗುವ ವಿಷಯವಾಗಿರಲಿಲ್ಲ. "ಒಂದಿನ ಎಲ್ಲಾರ ತಗಲಿಸ್ಕೊಂಡ್ ಬಾ, ಆವತ್ತಿಂದ ಕೀ ಗೋಡೆ ಮೊಳೆ ಮೇಲೇ ಇರ್ತದೆ" ಎಂದು ಮೊದಲ ದಿನವೇ ಹೇಳಿಬಿಟ್ಟಿದ್ದಳು. ಅಣ್ಣ ಆ ಮಾತಿಗೆ ಹೌದೆನ್ನಲೂ ಇಲ್ಲ, ಅಲ್ಲವೆನ್ನಲೂ ಇಲ್ಲ. ಅಂದಿನಿಂದ ಅತ್ತಿಗೆ ಓಡಿಸುತ್ತಿದ್ದದ್ದು ಆ ಮೊಳೆಯನ್ನು ನೆನಪಿಟ್ಟುಕೊಂಡೇ.

ಒಂದು ಭಾನುವಾರ ಬೆಳಿಗ್ಗೆ ಕಾರಿನ ಕೆಳಗೆ ನೀರು ನಿಂತಿತ್ತು. ಅತ್ತಿಗೆ ಬೆರಳದ್ದಿ ಮೂಸಿದಳು.

"ಶಾಂಪೂ ವಾಸ್ನೆ ಕಣೆ. ಎಂಜಿನ್ನಿಂದಲ್ಲ, ಗಾಜಿಗೆ ಹಾಕೋ ನೀರು."

ಅವಳೇ ವಾರಕ್ಕೊಮ್ಮೆ ಆ ಡಬ್ಬಿಗೆ ನೀರು ತುಂಬಿಸಿ ಒಂದು ಸ್ಯಾಷೆ ಶಾಂಪೂ ಹಿಂಡುತ್ತಿದ್ದಳು. ಬಾನೆಟ್ ಎತ್ತಿ ನೋಡಿದೆವು. ಡಬ್ಬಿಯಿಂದ ಗಾಜಿನ ಬುಡಕ್ಕೆ ಹೋಗುವ ಸಣ್ಣ ಕಪ್ಪು ರಬ್ಬರ್ ಕೊಳವೆಯನ್ನು ಇಲಿ ಎರಡು ಕಡೆ ಕಡಿದಿತ್ತು. ಬಣವೆಯ ಪಕ್ಕ ನಿಲ್ಲಿಸಿದ ಗಾಡಿಗೆ ಇನ್ನೇನಾಗುತ್ತದೆ?

ಅಣ್ಣ ಶಿಫ್ಟ್ ಮುಗಿಸಿ ಬಂದು ಮಲಗುವ ಆತುರದಲ್ಲಿದ್ದ. "ಒಂದ್ ಬಾಟ್ಲು ನೀರು, ಒಂದ್ ಬಟ್ಟೆ ಇಟ್ಕೊಂಡ್ ಓಡಾಡು. ಮುಂದಿನ್ ವಾರ ಸರ್ವೀಸಿಗೆ ಬಿಡ್ತೀನಿ."

"ಟಿಪ್ಪರ್ ಹಿಂದೆ ಹೋಗೋವಾಗ ಇಳಿದಿಳಿದು ಒರೆಸ್ಲಾ?"

"ಹಂಗಂದ್ರೆ ಈ ವಾರ ವ್ಯಾನಲ್ಲಿ ಹೋಗು."

ಅದೊಂದು ಮಾತು ಬೇಡವಾಗಿತ್ತು. ಅತ್ತಿಗೆ ಸೀದಾ ಮೋಟರ್ ಮನೆಗೆ ಹೋಗಿ ಡ್ರಿಪ್ಪಿನ ಸಾಮಾನಿನ ಚೀಲ ತಂದಳು. ದ್ರಾಕ್ಷಿ ಬುಡಕ್ಕೆ ನೀರು ಬಿಡುವ ಸಣ್ಣ ಪೈಪು ನಮ್ಮಲ್ಲಿ ಸುರುಳಿಗಟ್ಟಲೆ ಇತ್ತು. ಅಳತೆ ಹಿಡಿದು ನೋಡಿದರೆ ಕಾರಿನ ಕೊಳವೆಯಷ್ಟೇ ದಪ್ಪ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿ ನಕ್ಕೆವು.

ಡ್ರಿಪ್ ಪೈಪನ್ನು ಜೋಡಿಸುವ ಕ್ರಮ ನಮ್ಮ ಕಡೆ ಎಲ್ಲರಿಗೂ ಗೊತ್ತು. ಪೈಪಿನ ತುದಿಯನ್ನು ಬಿಸಿನೀರಿಗೆ ಅದ್ದಿದರೆ ಅದು ಮೆತ್ತಗಾಗುತ್ತದೆ. ಆಗ ಪ್ಲಾಸ್ಟಿಕ್ಕಿನ ಜಾಯಿನರ್ ತೂರಿಸಿದರೆ, ಆರಿದ ಮೇಲೆ ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ನಾನು ಸ್ನಾನದ ಹಂಡೆಯಿಂದ ಒಂದು ಚೊಂಬು ನೀರು ತಂದೆ. ಇಲಿ ಕಡಿದ ಭಾಗ ಕತ್ತರಿಸಿ ತೆಗೆದು, ಆ ಜಾಗಕ್ಕೆ ನಮ್ಮ ತುಂಡು ಸೇರಿಸಿದೆವು. ಹಳೆಯ ಕೊಳವೆ ಬಾನೆಟ್ಟಿನ ಅಂಚು ಹಿಡಿದು ಸುತ್ತಿಕೊಂಡು ಹೋಗಿತ್ತು. ನಾವು ತೋಟದಲ್ಲಿ ಲೈನು ಎಳೆಯುವ ಹಾಗೆ ಎಂಜಿನ್ನಿನ ಮೇಲಿಂದ ನೇರವಾಗಿ ಎಳೆದೆವು. ನೋಡಲು ಅಚ್ಚುಕಟ್ಟಾಗಿತ್ತು.

ಕೀ ಅರ್ಧ ತಿರುಗಿಸಿದರೆ ಸಾಕು, ನೀರಿನ ಮೋಟರ್ ಓಡುತ್ತದೆ. ಎಂಜಿನ್ ಸ್ಟಾರ್ಟ್ ಮಾಡುವ ಅಗತ್ಯವಿರಲಿಲ್ಲ, ಮಾಡಲಿಲ್ಲ. ಅತ್ತಿಗೆ ಕಡ್ಡಿ ಎಳೆದಳು. ಎರಡು ಕಾರಂಜಿ ಎದ್ದು, ಗಾಜು ದಾಟಿ, ಅಂಗಳದಲ್ಲಿ ಅಮ್ಮ ಹರಡಿದ್ದ ಮೆಣಸಿನಕಾಯಿಯ ಮೇಲೆ ಬಿದ್ದವು.

"ಏನೇ ಇದು, ಮಳೆ ಮಾಡಕ್ಕೂ ಕಲ್ತ್ಬಿಟ್ರಾ?" ಅಮ್ಮ ಒಳಗಿನಿಂದ ಬಂದು ಬೈದಳು. ಬೈಗುಳದಲ್ಲೂ ಸ್ವಲ್ಪ ಬೆರಗಿತ್ತು. ಅತ್ತಿಗೆ ಮತ್ತೊಮ್ಮೆ ಎಳೆದಳು. ಆ ದಿನ ಅವಳ ಮುಖ ಹೇಗಿತ್ತೆಂದು ನನಗೆ ಚೆನ್ನಾಗಿ ನೆನಪಿದೆ.

ಸೋಮವಾರ ಬೆಳಿಗ್ಗೆ ಹೋಗುವಾಗಲೂ ನೀರು ಚೆನ್ನಾಗಿಯೇ ಬಂತು. ಇನ್ನೇಕೆ ಎಂದು ಬಾಟಲಿಯನ್ನೂ ಬಟ್ಟೆಯನ್ನೂ ಜಗುಲಿಯ ಮೇಲೆಯೇ ಬಿಟ್ಟಿದ್ದೆವು.

ಸಂಜೆ ಬರುವಾಗ, ಮೋರಿ ಕಟ್ಟುತ್ತಿದ್ದ ಕಡೆ ಒಂದೇ ಸಾಲಿನಲ್ಲಿ ಗಾಡಿ ಬಿಡುತ್ತಿದ್ದರು. ನಾವು ಬಹಳ ಹೊತ್ತು ನಿಂತೆವು. ಸೆಕೆ. ಅತ್ತಿಗೆ ಎಂಜಿನ್ ಆರಿಸದೆ ಏಸಿ ಹಾಕಿಕೊಂಡು, ಆ ದಿನ ಫ್ಯಾಕ್ಟರಿಯಲ್ಲಿ ಒಬ್ಬಳು ಅಂಗಿಗೆ ಎರಡು ಎಡತೋಳು ಹೊಲಿದ ಕಥೆ ಹೇಳುತ್ತಿದ್ದಳು. ನಗುತ್ತಲೇ ಅಲ್ಲಿಂದ ಹೊರಬಿದ್ದೆವು. ಆಗ ಹನಿ ಶುರುವಾಯಿತು. ಒರೆಸುವಷ್ಟೂ ಮಳೆಯಲ್ಲ, ರಸ್ತೆಯ ಧೂಳನ್ನು ಕೆಸರು ಮಾಡುವಷ್ಟು ಮಾತ್ರ. ನಮ್ಮ ಮುಂದೆ ಒಂದು ಟಿಪ್ಪರ್ ಇತ್ತು. ಅದರಾಚೆ, ರಸ್ತೆಯ ಎಡ ಅಂಚಿನಲ್ಲಿ, ಹಿಪ್ಪುನೇರಳೆ ಸೊಪ್ಪಿನ ದೊಡ್ಡ ಹೊರೆ ಕಟ್ಟಿಕೊಂಡ ಒಂದು ಮೊಪೆಡ್ ಹೋಗುತ್ತಿದ್ದುದನ್ನು ನಾನು ತಿರುವಿನಲ್ಲಿ ನೋಡಿದ್ದೆ. ಹೊರೆಯ ಮರೆಯಲ್ಲಿ ಓಡಿಸುವವನು ಕಾಣುತ್ತಿರಲಿಲ್ಲ, ಸೊಪ್ಪೇ ನಡೆದುಹೋಗುತ್ತಿರುವಂತೆ ಇತ್ತು.

ಟಿಪ್ಪರ್ ಒಂದು ಗುಂಡಿಗೆ ಇಳಿಯಿತು. ಗುಂಡಿಯಲ್ಲಿದ್ದ ಕೆಸರೆಲ್ಲ ನಮ್ಮ ಗಾಜಿಗೆ ಬಂತು.

ಅತ್ತಿಗೆ ಕಡ್ಡಿ ಎಳೆದಳು. ಮೋಟರಿನ ಸದ್ದು ಬಂತು, ನೀರು ಬರಲಿಲ್ಲ. ವೈಪರ್ ಒಂದು ಸಲ ಆ ಕಡೆಯಿಂದ ಈ ಕಡೆಗೆ ಹೋಯಿತು. ಅಲ್ಲಲ್ಲಿ ಮಚ್ಚೆಯಂತಿದ್ದ ಕೆಸರು ಗೋಡೆಗೆ ಮಣ್ಣು ಮೆತ್ತಿದ ಹಾಗೆ ಒಂದೇ ಸಮನಾಯಿತು. ಮತ್ತೆ ಎಳೆದಳು. ಮತ್ತೆ ಸದ್ದು ಮಾತ್ರ. ನಮ್ಮ ಮುಂದೆ ರಸ್ತೆ ಇರಲಿಲ್ಲ, ಟಿಪ್ಪರ್ ಇರಲಿಲ್ಲ, ಏನೂ ಇರಲಿಲ್ಲ. ಒಂದು ಕೆಂಪು ಪರದೆ, ಅದರ ಹಿಂದೆ ಓಡುತ್ತಲೇ ಇರುವ ಕಾರು. ಹಿಂದೆ ಯಾವುದೋ ಬಸ್ಸಿನ ಹಾರನ್.

ನನ್ನ ತಲೆಯಲ್ಲಿದ್ದದ್ದು ಆ ಸೊಪ್ಪಿನ ಹೊರೆಯೊಂದೇ. "ಅತ್ತಿಗೆ, ಸೊಪ್ಪು" ಎಂದೆ. ಅಷ್ಟೇ ಬಾಯಿಗೆ ಬಂದದ್ದು.

ಅವಳು ಗಕ್ಕನೆ ಬ್ರೇಕ್ ಒತ್ತಲಿಲ್ಲ. ಒತ್ತಿದ್ದರೆ ಹಿಂದಿನ ಬಸ್ಸು ನಮ್ಮ ಮೇಲೇ ಬರುತ್ತಿತ್ತು. ಎಡಗೈಯಲ್ಲಿ ಸ್ಟೀರಿಂಗ್ ಹಿಡಿದು, ಬಲಗೈಯಲ್ಲಿ ಗಾಜು ಇಳಿಸಿ, ತಲೆಯನ್ನು ಕಿಟಕಿಯಿಂದ ಹೊರಗೆ ಹಾಕಿದಳು. ಮುಖಕ್ಕೆ ಕೆಸರು ರಾಚುತ್ತಿದ್ದರೂ ರಸ್ತೆ ನೋಡುತ್ತ ಸ್ವಲ್ಪ ಸ್ವಲ್ಪವೇ ವೇಗ ಕಳೆದಳು. ಬಸ್ಸು ಬೈದುಕೊಂಡು ಪಕ್ಕದಿಂದ ಹೋಯಿತು. ಕಾರು ಅರ್ಧ ರಸ್ತೆಯಲ್ಲಿ, ಅರ್ಧ ಅಂಚಿನಲ್ಲಿ, ಓರೆಯಾಗಿ ನಿಂತಿತು.

ನಾನು ಇಳಿದು ನೋಡಿದೆ. ನಮ್ಮ ಬಂಪರಿಗೂ ಸೊಪ್ಪಿನ ಹೊರೆಗೂ ನಡುವೆ ಒಂದು ಮೊಳ ಜಾಗವಿತ್ತು. ಆ ಮನುಷ್ಯ ಮೊಪೆಡ್ ನಿಲ್ಲಿಸಿ ಫೋನಿನಲ್ಲಿ ಮಾತಾಡುತ್ತಿದ್ದ. ತನ್ನ ಬೆನ್ನ ಹಿಂದೆ ಏನಾಯಿತೆಂದು ಅವನಿಗೆ ತಿಳಿದೇ ಇರಲಿಲ್ಲ. ತಿರುಗಿ ನೋಡಿ, "ಏನಮ್ಮಾ, ಕಣ್ ಕಾಣಲ್ವಾ?" ಎಂದ. ಆಮೇಲೆ ಗಾಜಿನ ಕಡೆ ನೋಡಿ, ಅತ್ತಿಗೆಯ ಮುಖದ ಕಡೆ ನೋಡಿ, "ಓಹೋ, ನಿಜ್ವಾಗ್ಲೂ ಕಾಣ್ತಿರ್ಲಿಲ್ಲ ಬಿಡಿ" ಎಂದು ಫೋನು ಜೇಬಿಗೆ ಹಾಕಿದ.

ಬಾನೆಟ್ ಎತ್ತಿದೆವು. ಬಿಸಿ ಮುಖಕ್ಕೆ ಹೊಡೆಯಿತು. ನಮ್ಮ ಪೈಪು ಬೆಂದ ಶಾವಿಗೆಯಂತೆ ಜೋತುಬಿದ್ದು, ಜಾಯಿನರಿನಿಂದ ಕಳಚಿಕೊಂಡಿತ್ತು. ಶಾಂಪೂ ನೀರೆಲ್ಲ ಎಂಜಿನ್ನಿನ ಮೇಲೆ ಸುರಿದು ಹಬೆಯಾಡುತ್ತಿತ್ತು. ಅತ್ತಿಗೆ ಪೈಪಿನ ತುದಿ ಮುಟ್ಟಿ ನೋಡಿ ಕೈ ಹಿಂದೆಗೆದುಕೊಂಡಳು. ಬಿಸಿಗೆ ಮೆತ್ತಗಾಗುತ್ತದೆಂದು ಗೊತ್ತಿದ್ದೇ ಚೊಂಬಿನಲ್ಲಿ ಅದ್ದಿದ್ದವರು ನಾವು. ತೋಟದ ತಣ್ಣೀರಿನ ಪೈಪನ್ನು ಎಂಜಿನ್ನಿನ ಮೇಲೆ ಮಲಗಿಸುವಾಗ ಅದೇ ಮಾತು ಇಬ್ಬರಿಗೂ ಹೊಳೆಯಲಿಲ್ಲ.

ಆ ಮನುಷ್ಯ ಹೊರೆಯಿಂದ ಒಂದು ಹಿಡಿ ಸೊಪ್ಪು ಎಳೆದು, ತನ್ನ ಕುಡಿಯುವ ನೀರಿನ ಬಾಟಲಿಯ ಜೊತೆ ಕೊಟ್ಟ. "ಉಜ್ಜಿ, ಚೆನ್ನಾಗ್ ಹೋಗ್ತದೆ. ಹುಳಕ್ಕೆ ಒಂದ್ ಹಿಡಿ ಕಮ್ಮಿ ಆದ್ರೆ ಏನೂ ಆಗಲ್ಲ." ಹಿಪ್ಪುನೇರಳೆ ಎಲೆಯಿಂದ ಗಾಜು ಉಜ್ಜಿದೆವು. ಅತ್ತಿಗೆ ಕೆಸರಾದ ಮುಖ ತೊಳೆದು, ಸೀಟಿನಲ್ಲಿ ಕೂತು, ಏನೂ ಆಗದವಳಂತೆ ಮನೆಯವರೆಗೂ ಓಡಿಸಿದಳು. ಅವಳ ಕೈ ಸ್ಥಿರವಾಗಿತ್ತು. ನಡುಗುತ್ತಿದ್ದದ್ದು ನನ್ನದು.

ನಮಗಿಂತ ಮೊದಲೇ ಸುದ್ದಿ ಮನೆ ಸೇರಿತ್ತು. ಬೈಕಿನಲ್ಲಿ ಹೋಗುತ್ತಿದ್ದ ಊರಿನವರೊಬ್ಬರು, ಕಾರು ರಸ್ತೆಗೆ ಅಡ್ಡ ನಿಂತಿದ್ದುದನ್ನು ನೋಡಿ ಬಂದು ಹೇಳಿದ್ದರು. ಅಣ್ಣ ಅಂಗಳದಲ್ಲೇ ನಿಂತಿದ್ದ. ಕಾರನ್ನು ಒಂದು ಸುತ್ತು ಹಾಕಿ ನೋಡಿದ. ಒಂದು ಗೀರೂ ಇರಲಿಲ್ಲ.

"ಏನಾಯ್ತು?" ಎಂದು ಅವನು ಕೇಳಿದ್ದು ಅತ್ತಿಗೆಯನ್ನಲ್ಲ, ನನ್ನನ್ನು.

ಅಮ್ಮ ತಟ್ಟೆಯಲ್ಲಿಟ್ಟು ಕೊಟ್ಟ ಕಾಫಿ ಲೋಟ ಹಿಡಿದುಕೊಂಡು ನಾನು ಎಲ್ಲವನ್ನೂ ಹೇಳಿದೆ. ಪೈಪು ಕಳಚಿದ್ದು, ಗಾಜು ಮುಚ್ಚಿದ್ದು, ಹಿಂದೆ ಬಸ್ಸು ಇದ್ದದ್ದು, ಅತ್ತಿಗೆ ತಲೆ ಹೊರಹಾಕಿ ನಿಲ್ಲಿಸಿದ್ದು. "ಬೇರೆ ಯಾರಾದ್ರೂ ಆಗಿದ್ರೆ ಗುದ್ದೇಬಿಡ್ತಿದ್ರು ಅಣ್ಣ. ಅತ್ತಿಗೆ ಇದ್ದಿದ್ದಕ್ಕೆ ಉಳ್ಕೊಂಡ್ವಿ" ಎಂದೆ. ಅದು ನಿಜ. ಒಂದು ಪದವನ್ನೂ ನಾನು ಹೆಚ್ಚು ಕಡಿಮೆ ಮಾಡಲಿಲ್ಲ. ಆದರೆ ಹೇಳುತ್ತಿದ್ದಷ್ಟೂ ಹೊತ್ತು ಲೋಟ ತಟ್ಟೆಗೆ ಬಡಿದು ಕಟಕಟ ಎನ್ನುತ್ತಿತ್ತು. ಕಾಫಿ ಚೆಲ್ಲಿ ದುಪಟ್ಟಾದ ಮೇಲೆ ಇಳಿಯುತ್ತಿತ್ತು. ಅಣ್ಣ ನನ್ನ ಮಾತು ಕೇಳುತ್ತಿರಲಿಲ್ಲ, ಲೋಟ ನೋಡುತ್ತಿದ್ದ.

"ಆ ಕೈ ನೋಡಪ್ಪಾ" ಎಂದಳು ಅಮ್ಮ, ಮೆಲ್ಲಗೆ.

ಅಣ್ಣ ಗದರಲಿಲ್ಲ. ಗದರಿದ್ದರೆ ಅತ್ತಿಗೆ ತಿರುಗಿ ಜಗಳವಾಡುತ್ತಿದ್ದಳೋ ಏನೋ. "ಸ್ವಲ್ಪ ದಿನ ಬೇಡ" ಎಂದಷ್ಟೇ ಹೇಳಿದ. ಅತ್ತಿಗೆ ಕೀಯನ್ನು ತಾನೇ ಒಯ್ದು ಮೊಳೆಗೆ ಹಾಕಿ, ಸೊಪ್ಪಿನ ಹಸಿರು ಅಂಟಿದ್ದ ಕೈ ತೊಳೆಯಲು ಬಚ್ಚಲಿಗೆ ಹೋದಳು.

ಮುಂದಿನ ವಾರ ಅಣ್ಣ ಕಾರನ್ನು ಸರ್ವೀಸಿಗೆ ಬಿಟ್ಟು ಸರಿಯಾದ ರಬ್ಬರ್ ಕೊಳವೆ ಹಾಕಿಸಿದ. ಹೊಸದು ಅಂಚು ಹಿಡಿದು ಸುತ್ತಿಕೊಂಡು ಹೋಗಿತ್ತು, ನೀರು ಚೆನ್ನಾಗಿ ಬರುತ್ತಿತ್ತು. ಅವನು ಹೇಳಿದ ಆ ಸ್ವಲ್ಪ ದಿನ ಮಾತ್ರ ಮುಗಿಯಲಿಲ್ಲ. ಅತ್ತಿಗೆ ಮತ್ತೆ ಕತ್ತಲಲ್ಲೆದ್ದು ಕ್ರಾಸಿಗೆ ನಡೆದಳು. ಟೀ ಅಂಗಡಿಯವರು ಸ್ವಲ್ಪ ಕಾಲ "ಪೈಲಟಮ್ಮ, ಇವತ್ತು ಫ್ಲೈಟ್ ಕ್ಯಾನ್ಸಲ್ಲಾ?" ಎಂದು ಕೇಳಿ, ಆಮೇಲೆ ಅದನ್ನೂ ಮರೆತರು. ನಾನು ಎರಡು ಮೂರು ಸಲ ಅಣ್ಣನ ಹತ್ತಿರ ಮಾತು ತೆಗೆದೆ. "ನೀನೇ ಹೆಂಗ್ ನಡುಗ್ತಿದ್ದೆ ನಾನ್ ನೋಡಿಲ್ವಾ?" ಎನ್ನುತ್ತಿದ್ದ. ಬಾಯಿ ಹೇಳಿದ್ದೂ ನಿಜ, ಕೈ ಹೇಳಿದ್ದೂ ನಿಜ. ಮನೆಯವರು ಕೈಯನ್ನು ನಂಬಿದರು.

ಕೆಲವು ವರ್ಷಗಳ ನಂತರ ನಾನು ಕಾರು ಕಲಿತೆ. ಯಾರೂ ಬೇಡವೆನ್ನಲಿಲ್ಲ. "ಇವ್ಳಿಗೆ ಭಯ ಇದೆ, ಹುಷಾರಾಗಿ ಓಡಿಸ್ತಾಳೆ" ಎಂದು ಅಮ್ಮನೇ ಹೇಳಿದಳು. ಭಯಪಟ್ಟವಳ ಕೈಗೆ ಸ್ಟೀರಿಂಗ್ ಬಂತು, ಭಯಪಡದೆ ಎಲ್ಲರನ್ನೂ ಉಳಿಸಿದವಳು ಪಕ್ಕದ ಸೀಟಿಗೆ ಬಂದಳು.

ಹೋದ ವರ್ಷ ನಾವಿಬ್ಬರೇ ಶಿವಗಂಗೆಗೆ ಹೊರಟೆವು. ಬೆಟ್ಟ ಕಾಣುವ ಕಡೆ ರಸ್ತೆ ಖಾಲಿಯಿತ್ತು. ನಾನು ಕಾರು ನಿಲ್ಲಿಸಿ, ಎಂಜಿನ್ ಆರಿಸಿ, ಕೀ ತೆಗೆದು ಅವಳ ಮುಂದೆ ಹಿಡಿದೆ.

ಅತ್ತಿಗೆ ಅದನ್ನು ಅಂಗೈಯಲ್ಲಿ ಸ್ವಲ್ಪ ಹೊತ್ತು ಇಟ್ಟುಕೊಂಡಳು. ನಾನು ಬಾಗಿಲು ತೆಗೆಯಲು ಕೈ ಹಾಕಿದೆ.

"ಕೂತ್ಕೊಳೆ ಸುಮ್ನೆ. ನಾನ್ ಓಡಿಸಿದ್ರೆ ನಿನ್ ಕೈ ನಡುಗ್ತದೆ. ನೀನ್ ಓಡಿಸಿದ್ರೆ ನಂದು ನಡುಗಲ್ಲ" ಎಂದಳು. ನಗುತ್ತಲೇ ಅಂದದ್ದು. ನಾನು ನಗಲಾರದೆ ಬೆಟ್ಟದ ಕಡೆ ನೋಡಿದೆ.

ಅವಳು ತಾನೇ ಬಗ್ಗಿ ಕೀಯನ್ನು ಅದರ ಜಾಗಕ್ಕೆ ಹಾಕಿ ಅರ್ಧ ತಿರುಗಿಸಿದಳು. ಆಮೇಲೆ ಕೂತಲ್ಲಿಂದಲೇ ಬಲಗೈ ಚಾಚಿ ವೈಪರ್ ಕಡ್ಡಿ ಎಳೆದಳು. ಎರಡು ಕಾರಂಜಿ ಎದ್ದು ಗಾಜಿನ ಮೇಲೆ ಬಿದ್ದವು. ವೈಪರ್ ನೀರೆಲ್ಲ ಎಳೆದು ನಿಲ್ಲುವವರೆಗೂ ಅತ್ತಿಗೆ ಕಣ್ಣು ಕದಲಿಸಲಿಲ್ಲ.

"ಬರ್ತದೆ," ಎಂದಳು. "ನಡಿ."