ಹಕಾರದ ಉಸಿರು

ಮನೆ ಬೆಚ್ಚಗಿಡುವ ರೇಡಿಯೇಟರಿನ ಮೇಲೆ ಒದ್ದೆ ಕಾಲುಚೀಲಗಳನ್ನು ಜೋಡಿ ಹುಡುಕಿ ಹರವುತ್ತಿದ್ದೆ. ಲಂಡನ್ನಿನ ಈ ಇಲ್ಫರ್ಡಿನ ಚಳಿಗಾಲದಲ್ಲಿ ಬಟ್ಟೆ ಒಣಗಿಸುವುದೆಂದರೆ ಬಿಸಿಲಿನ ಆಸೆ ಬಿಟ್ಟು ಕಬ್ಬಿಣವನ್ನು ನಂಬುವುದು. ಆಗ ಫೋನು ಬಂತು. ಆಸ್ಪತ್ರೆಯ ನರ್ಸು ಮೆತ್ತಗೆ ಹೇಳಿದಳು: ನಮ್ಮ ಯಜಮಾನರ ಶ್ವಾಸಕೋಶ ಎರಡೂ ಕಡೆ ಕೆಟ್ಟಿರುವುದು ಹೊಸ ಸ್ಕ್ಯಾನಿನಲ್ಲಿ ಕಂಡಿದೆಯಂತೆ, ಒಂದೇ ಕಡೆಯಾಗಿದ್ದರೆ ಆ ಭಾಗವನ್ನು ಕತ್ತರಿಸಿ ತೆಗೆಯಬಹುದಿತ್ತಂತೆ, ಇನ್ನು ಆಪರೇಷನ್ನಿನ ಮಾತಿಲ್ಲವಂತೆ. ಕಫ ತೆಗೆಯುವ ಉಸಿರಾಟದ ವ್ಯಾಯಾಮವನ್ನು ಮಾತ್ರ ಬಿಡಬಾರದಂತೆ. ನಾನು ಥ್ಯಾಂಕ್ಯೂ ಎಂದೆ. ಯಾವುದಕ್ಕೆಂದು ಇಂದಿಗೂ ಗೊತ್ತಿಲ್ಲ.

ಆ ವ್ಯಾಯಾಮದ ಸಂಗತಿಯನ್ನು ನಿಮಗೆ ಹೇಳಬೇಕು. ಮೊದಲು ಹೆಗಲು ಸಡಿಲಬಿಟ್ಟು ಸುಮ್ಮನೆ ಉಸಿರಾಡಬೇಕು, ಆಮೇಲೆ ಎದೆ ತುಂಬ ಎಳೆದುಕೊಂಡು ಸ್ವಲ್ಪ ಹಿಡಿಯಬೇಕು, ಗಾಳಿ ಕಫದ ಹಿಂದಕ್ಕೆ ಹೋಗಿ ಅದನ್ನು ಸಡಿಲಿಸುತ್ತದೆ. ಕಡೆಗೆ ಬಾಯಗಲಿಸಿ ಗಂಟಲಿನಿಂದ ಉಸಿರನ್ನು ಹೊರಕ್ಕೆ ನೂಕಬೇಕು. ಈ ಕಡೆಯದಕ್ಕೆ ಇಂಗ್ಲಿಷಿನಲ್ಲಿ ಹಫ್ ಎಂದು ಹೆಸರು. ಕಲಿಸಿದ ಆಸ್ಪತ್ರೆಯ ಫಿಸಿಯೋಥೆರಪಿಸ್ಟ್ ಲಿಂಡಾ ಮಾತ್ರ ಪೂರ್ವ ಲಂಡನ್ನಿನಲ್ಲೇ ಹುಟ್ಟಿ ಬೆಳೆದವಳು, ಹಕಾರ ನುಂಗುವವಳು. ಹಾಸ್ಪಿಟಲ್ಲಿಗೂ ಆಸ್ಪಿಟಲ್ ಅನ್ನುತ್ತಿದ್ದಳು. ಆಸ್ಪತ್ರೆ ಎನ್ನುವ ನಾವು ಅದಕ್ಕೆ ನಗುವುದು ಹೇಗೆ? “ಉಫ್, ಡಾರ್ಲಿಂಗ್, ಉಫ್!” ಎಂದಳು. ಮಂಡ್ಯದ ಕಡೆಯವರಾದ ನಮ್ಮ ಯಜಮಾನರು ಬಿಸಿ ಕಾಫಿ ಆರಿಸುವವರಂತೆ ತುಟಿ ಚೂಪು ಮಾಡಿ ಊದಿದರು. ಎಷ್ಟೋ ವಾರ ಊದಿದ್ದೇ ಊದಿದ್ದು, ಕಫ ಮಾತ್ರ ಅಲ್ಲಾಡಲಿಲ್ಲ. ಮತ್ತೆ ಹೋದಾಗ ಲಿಂಡಾ ಬಿದ್ದು ಬಿದ್ದು ನಕ್ಕು, “ಮೇಣದಬತ್ತಿ ಆರಿಸ್ತಿದ್ದೀರಾ? ಕನ್ನಡಕ ಮಬ್ಬಾಗೋ ಹಾಗೆ ಬಿಡಿ” ಎಂದು ತನ್ನ ಕನ್ನಡಕದ ಮೇಲೆ ಉಸಿರುಬಿಟ್ಟು ತೋರಿಸಿದಳು.

ಅದು ನಮ್ಮ ‘ಹ’ ಎಂದು ನನಗೆ ಆಗ ಹೊಳೆಯಿತು.

“ರೀ, ಹಾಲು ಅನ್ನಿ.”

“ಆಲು.”

“ಹರಿ ಹರಿ ಅನ್ನಿ.”

“ಅರಿ ಅರಿ. ಮಗ್ಳು ಕಾಲೇಜಿಗೋಗೋ ವಯಸ್ನಲ್ಲಿ ನಂಗೆ ಅಕ್ಸರಾಭ್ಯಾಸ ಮಾಡುಸ್ತಾವ್ಳೆ ಮೇಷ್ಟ್ರಮ್ಮ!”

ಹರಿ ಎಂದರೆ ದೇವರು. ಹಕಾರ ಬಿದ್ದುಹೋದರೆ ಅರಿ, ಶತ್ರು. ಬೇರೆ ಅಕ್ಷರಗಳು ನಾಲಿಗೆಯನ್ನೋ ತುಟಿಯನ್ನೋ ಕೇಳುತ್ತವೆ, ಇದು ಕೇಳುವುದು ಉಸಿರನ್ನು ಮಾತ್ರ. ಉಸಿರಿಗೇ ಬರ ಬಂದವರಿಗೆ ತುಟಿ ಬೇಡದ ಅಕ್ಷರವೇ ತುಟ್ಟಿ. ಅಂತೂ ದೇವರ ಪಟದ ಮುಂದೆ ಕೂರಿಸಿ, ಹರಿಯ ಹೆಸರಿನಲ್ಲೇ ಬಾಯಗಲಿಸಲು ಕಲಿಸಿದೆ. ಕಫ ಬಂತು. ಇನ್ನು ಆಪರೇಷನ್ ಒಂದಾದರೆ ಎಲ್ಲ ಸರಿಹೋಗುತ್ತದೆಂದು ನಂಬಿ ಕಾದೆವು.

ದೇವರು ಕೊಟ್ಟದ್ದನ್ನು ಎಣಿಸಿಕೋ ಎಂದು ಅಮ್ಮ ಹೇಳಿಕೊಟ್ಟಿದ್ದಳು, ಎಣಿಸುತ್ತಲೇ ಬಂದಿದ್ದೇನೆ. ಆದರೆ ಎಣಿಸುವ ವಸ್ತುವೇ ವರ್ಷದಿಂದ ವರ್ಷಕ್ಕೆ ಸಣ್ಣದಾಗುತ್ತ ಬಂತಲ್ಲ! ಮೊದಲು ಜ್ವರ ಬಿಟ್ಟದ್ದಕ್ಕೆ ಕೈಮುಗಿಯುತ್ತಿದ್ದೆ, ಆಮೇಲೆ ಮೆಟ್ಟಿಲು ಹತ್ತಿದ್ದಕ್ಕೆ, ಈಗ ಕಫದಲ್ಲಿ ರಕ್ತವಿಲ್ಲದ್ದಕ್ಕೆ. ಇದಕ್ಕಿಂತ ಸಣ್ಣದು ಏನಿದೆ?

ಫೋನಿಟ್ಟು ಅವರಿಗೆ ಹೇಳಿದೆ.

“ಅಂಗಂದ್ರೆ ಇನ್ ಜೀವ ಇರೋಗಂಟ ಇದೇಯಾ?”

“ಹೂಂ ರೀ.”

ಟಿಶ್ಯೂ ಕೈಯಲ್ಲಿ ಹಿಡಿದು, ಹೆಗಲು ಸಡಿಲಬಿಟ್ಟು, ಕಲಿಸಿದಂತೆಯೇ ಎಲ್ಲವನ್ನೂ ಮಾಡಿದರು. ಒಂದು ತಪ್ಪೂ ಇರಲಿಲ್ಲ. ಏನೂ ಬರಲಿಲ್ಲ. ಮತ್ತೆ ಮಾಡಿದರು, ಎದೆಯೊಳಗೆ ಗೊರಗೊರ ಸದ್ದಷ್ಟೇ.

“ಬುಡಮ್ಮಿ,” ಎಂದು ಬೆವರು ಒರೆಸಿಕೊಂಡರು. “ಒಟ್ಟೆ ಅಸೀತದೆ.”

ಹಸಿವಾಗುವುದೂ ಒಂದು ಕೃಪೆಯೇ ಎಂದು ಎಣಿಸಲು ಹೋದೆ. ಆ ದಿನ ಮನಸ್ಸು ಒಪ್ಪಲಿಲ್ಲ. ಹಕಾರವಿಲ್ಲದ ಆ ಮಾತನ್ನು ತಿದ್ದಲೂ ಇಲ್ಲ. ಎದ್ದು ಅಕ್ಕಿ ತೊಳೆಯಲು ಹೋದೆ.