ಬೋರಲು ಹಾಸಿದ ಕಲ್ಲು

ರಾಯದುರ್ಗದ ಕೋಟೆ ಬಾಗಿಲ ಮುಂದಿನ ದಾರಿ ಅಗೆದು ಹೊಸದಾಗಿ ಕಲ್ಲು ಹಾಸುವಾಗ, ಪಕ್ಕದಲ್ಲಿ ನಿಂತು ಕಾಯುವುದು ನನ್ನ ನೌಕರಿ. ಅಕ್ಷರವಿರುವ ಹಳೆಯ ಕಲ್ಲು ಕಂಡರೆ ಕೆಲಸ ನಿಲ್ಲಿಸಿ, ಕಾಗದದ ಮೇಲೆ ಮಸಿಯಿಂದ ಅಚ್ಚು ತೆಗೆದು ಕಳಿಸಬೇಕೆಂದು ಮದರಾಸಿನಿಂದ ಹುಕುಂ ಬಂದಿತ್ತು. ಎರಡು ತಿಂಗಳು ಬಿಸಿಲಿಗೆ ನಿಂತದ್ದಕ್ಕೆ ಸಿಕ್ಕಿದ್ದು ಮಡಕೆ ಚೂರು, ಒಂದು ಕುದುರೆ ಲಾಳ. "ಕುರಿ ಕಾಯೋರಿಗೆ ಕುರಿಯಾದ್ರೂ ಇರ್ತಾವ, ಇವರಿಗೇನೈತ್ರಿ?" ಎಂದು ಕೂಲಿಯವರು ನಗುತ್ತಿದ್ದರು.

ಕೊನೆಗೊಂದು ಮಧ್ಯಾಹ್ನ ವೀರಗಲ್ಲು ಸಿಕ್ಕಿತು. ಬಿಲ್ಲು ಹಿಡಿದ ಒಬ್ಬ, ನಾಲ್ಕು ಹಸು, ಕೆಳಗೆ ಮೂರು ಸಾಲು ಅಕ್ಷರ. ಬೆರಳಾಡಿಸಿ ಎರಡು ಸಾಲು ಓದಿದೆ. ಕಳ್ಳರು ಹೊಡೆದುಕೊಂಡು ಹೋಗುತ್ತಿದ್ದ ಊರ ದನಗಳನ್ನು ಬಿಡಿಸಿ ಸತ್ತನಂತೆ. ಸತ್ತವನ ಹೆಸರಿರಬೇಕಾದ ಮೂರನೆಯ ಸಾಲಿಗೆ ಮಣ್ಣು ಗಟ್ಟಿಯಾಗಿ ಅಂಟಿತ್ತು. ನೆನೆಹಾಕಿ ಮೆಲ್ಲಗೆ ಬಿಡಿಸಬೇಕಿತ್ತು.

ಮರುದಿನವೇ ಮಡಕಶಿರದಲ್ಲಿ ಅಕ್ಕನ ಮಗನ ತೊಟ್ಟಿಲ ಶಾಸ್ತ್ರ. ನಮ್ಮ ಓವರ್‌ಸಿಯರ್ ರಜೆ ಕೊಡುವ ಆಸಾಮಿಯಲ್ಲ. ಇಷ್ಟು ಕಾಲ ಮಣ್ಣಲ್ಲಿದ್ದ ಕಲ್ಲು ಎಲ್ಲಿಗೆ ಓಡಿಹೋದೀತು ಎಂದುಕೊಂಡು ಹೇಳದೆ ಹೊರಟೆ. ಕಲ್ಲು ಹಾಸುವ ಮುದುಕ ಮೇಸ್ತ್ರಿಗೆ ಮಾತ್ರ, "ಇದರಾಗ ಅಕ್ಷರ ಐತ್ರಿ, ಯಾರೂ ತುಳೀದಂಗ ನೋಡ್ಕೊಳ್ರಿ" ಎಂದೆ.

ಅವರು ಕಲ್ಲು ಮುಟ್ಟಿ ಕಣ್ಣಿಗೊತ್ತಿಕೊಂಡರು. ಓದು ಬಾರದ ಮನುಷ್ಯ. ಹರಿದ ಕಾಗದ ದಾರಿಯಲ್ಲಿ ಬಿದ್ದಿದ್ದರೂ ಎತ್ತಿ ಗೋಡೆಯ ಸಂದಿಗೆ ಸಿಕ್ಕಿಸಿಯೇ ಮುಂದೆ ಹೋಗುತ್ತಿದ್ದರು.

ನಾಲ್ಕನೆಯ ದಿನ ಬಂದರೆ ಕಲ್ಲಿಲ್ಲ. ಅದಿದ್ದ ಜಾಗದಲ್ಲಿ ದಾರಿ ಸಿದ್ಧವಾಗಿತ್ತು.

"ಓವರ್‌ಸಿಯರ್ ಆಳಿನ ಕೈಲಿ, ಸಿಕ್ಕ ಕಲ್ಲೆಲ್ಲ ಹಾಸ್ರಿ ಅಂತ ಹೇಳಿ ಕಳಿಸಿದ್ರು. ನೀವು ಅಕ್ಷರ ತುಳೀಬಾರದು ಅಂದಿದ್ರಿ. ಅದಕ್ಕ ಅಕ್ಷರ ಕೆಳಗ ಮಾಡಿ ಗಾರ್ಯಾಗ ಕುಂದ್ರಿಸೀನ್ರಿ. ಇನ್ನ ಯಾರ ಕಾಲೂ ತಾಕಂಗಿಲ್ರಿ," ಎಂದು ಮೇಸ್ತ್ರಿ ಹೇಳಿ ನನ್ನ ಮುಖ ನೋಡಿದರು. ಶಹಬ್ಬಾಸ್ ಎನ್ನುತ್ತೇನೆಂದು ಕಾಯುತ್ತಿದ್ದರು.

ಗಾರೆ ಇನ್ನೂ ಹಸಿಯಾಗಿತ್ತು. ಒಂದು ಮಾತು ಹೇಳಿದ್ದರೆ ಎಬ್ಬಿಸುತ್ತಿದ್ದರು. ಆದರೆ ಕಲ್ಲಿನ ಜೊತೆಗೆ ನಾನು ಊರಲ್ಲಿರಲಿಲ್ಲ ಎಂಬುದೂ ಮೇಲೆ ಬರುತ್ತಿತ್ತು. "ಚಲೋ ಆತ್ರಿ" ಎಂದೆ. ವರದಿಯಲ್ಲಿ, ಅಕ್ಷರವುಳ್ಳ ಕಲ್ಲು ಯಾವುದೂ ಸಿಗಲಿಲ್ಲ ಎಂದು ಬರೆದು ಸಹಿ ಹಾಕಿದೆ. ಅದು ಹೇಡಿತನ, ಬೇರೇನೂ ಅಲ್ಲ. ದನಕ್ಕಾಗಿ ಪ್ರಾಣ ಕೊಟ್ಟವನ ಹೆಸರನ್ನು ನೌಕರಿಗಾಗಿ ಹೂತುಬಿಟ್ಟೆ.

ಮೇಸ್ತ್ರಿ ಬದುಕಿರುವವರೆಗೂ ಆ ಕಲ್ಲು ಬಂದಾಗ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು, ಬದಿಯಿಂದ ಸುತ್ತಿ ಹೋಗುತ್ತಿದ್ದರು. ಎಷ್ಟೋ ಸಲ ನಾನೂ ಜೊತೆಯಲ್ಲಿದ್ದೆ. ಯಾಕೆಂದು ಯಾರಾದರೂ ಕೇಳಿಯಾರೆಂಬ ಭಯಕ್ಕೆ, ಚಪ್ಪಲಿ ಮೆಟ್ಟಿಕೊಂಡೇ ಅದರ ಮೇಲೆ ನಡೆದೆ.