ಸೆಟೆದ ಕಾಲಿನ ಪರವಾಗಿ: ಡಾ. ಸ್ಟೆಫಾನಿಯಾ ವಸಿಲೆಂಕೊ

ಮರ್ವಿನ್ ಸ್ಕೋಗ್ ಅವರ ಎಡಗಾಲು ಮೊದಲು ಒದೆಯಿತು, ಹಿಂದೆಯೇ ಬಲಗಾಲು ಹಲಗೆಯಂತೆ ಸೆಟೆಯಿತು. ಅವರು ಗಾಲಿಕುರ್ಚಿಯಿಂದ ಜಾರುವಷ್ಟರಲ್ಲಿ ಡಾ. ಸ್ಟೆಫಾನಿಯಾ ವಸಿಲೆಂಕೊ ನೆಲಕ್ಕೆ ಕುಳಿತು ಅವರ ಎರಡೂ ಮಂಡಿಗಳನ್ನು ತಮ್ಮ ಎದೆಗೊತ್ತಿ ಹಿಡಿದಿದ್ದರು. ಸೆಟೆತ ಇಳಿಯುವವರೆಗೂ ಬಿಡಲಿಲ್ಲ. ಬೆನ್ನುಹುರಿಗೆ ಪೆಟ್ಟಾದವರ ಕಾಲು ಮೆದುಳಿನ ಮಾತು ಕೇಳದೆ ತನ್ನಷ್ಟಕ್ಕೆ ಬಿಗಿಯುವುದನ್ನು ಸಸ್ಕಾಚೆವನ್ ಪ್ರಾಂತ್ಯದಲ್ಲಿ ಇಷ್ಟು ಹತ್ತಿರದಿಂದ ಕಂಡ ವೈದ್ಯರು ವಿರಳ.

ಈಗ ನಿವೃತ್ತರಾಗುತ್ತಿರುವ ಈ ಡಾಕ್ಟರು ನಮ್ಮ ಆಸ್ಪತ್ರೆಗೆ ಬಂದಾಗ ಇಂಥ ಕಾಲುಗಳನ್ನು ಪಟ್ಟಿ ಕಟ್ಟಿ ಮಲಗಿಸುವ ರೂಢಿಯಿತ್ತಂತೆ. ಆ ಪಟ್ಟಿಗಳನ್ನು ಬಿಚ್ಚಿಸಿದವರು, ಬಿಗಿ ಸಡಿಲಿಸುವ ಔಷಧಿಯನ್ನು ಒಬ್ಬೊಬ್ಬರ ದೇಹಕ್ಕೆ ಹೊಂದಿಸುವುದನ್ನು ಕಿರಿಯರಿಗೆ ಕಲಿಸಿದವರು ಅವರೇ. ಆ ಕಿರಿಯ ವೈದ್ಯರ ಸಾಲಿಗೆ ನಾನು ಸೇರಿದ ಮೊದಲ ಚಳಿಗಾಲ, ಹಿಮಗಾಳಿಗೆ ರಸ್ತೆ ಮುಚ್ಚಿ ಎಲ್ಲರೂ ಒಳಗೇ ಉಳಿದ ದಿನ, ಹಸಿದ ಡಾಕ್ಟರ ಕೈ ನಡುಗುತ್ತದೆಂದು ಗದರಿ, ತಮ್ಮ ಡಬ್ಬಿಯಲ್ಲಿದ್ದ ಪೆರೋಗಿ ಕಡುಬುಗಳನ್ನೆಲ್ಲ ನನ್ನ ತಟ್ಟೆಗೆ ಸುರಿದು, ತಾವು ಒಣ ಬ್ರೆಡ್ಡು ತಿಂದರು.

ಮರ್ವಿನ್, ಮಂಜುಗಡ್ಡೆಯ ಮೇಲೆ ಕಲ್ಲು ಜಾರಿಸುವ ಕರ್ಲಿಂಗ್ ಆಟಕ್ಕಾಗಿ ತಮ್ಮೂರಿನ ಮುಚ್ಚಿದ ಅಂಗಳದ ಮಂಜುಗಡ್ಡೆ ಹದಮಾಡುವವರು. ಅದರ ಮಾಡಿನ ಮೇಲಿನ ಹಿಮ ತಳ್ಳುವಾಗ ಬಿದ್ದು ಬೆನ್ನುಹುರಿ ಜಜ್ಜಿಹೋಗಿತ್ತು, ಒಂದು ಭುಜವೂ ಹರಿದಿತ್ತು. ಮಂಚದಿಂದ ಕುರ್ಚಿಗೆ ತಾವೇ ದಾಟಿಕೊಂಡರೆ ಅಂಗಳದ ಹಿಂದಿನ ಸ್ವಂತ ಮನೆ; ಇಲ್ಲವಾದರೆ ಆರೈಕೆಯ ನಿಲಯ. ಒಂಟಿ ಮನುಷ್ಯನಿಗೆ ಮೂರನೆಯ ದಾರಿ ಇರಲಿಲ್ಲ.

ಡಾಕ್ಟರು ಔಷಧಿ ಏರಿಸುತ್ತ ಹೋದರು. ಕಾಲುಗಳು ಶಾಂತವಾದವು, ಮಂಡಿ ಮಡಿಸಿದರೆ ತಡೆಯೇ ಇಲ್ಲ. ನಾವೆಲ್ಲ ಪರಸ್ಪರ ಬೆನ್ನು ತಟ್ಟಿಕೊಂಡೆವು. ಮರ್ವಿನ್ ಮಾತ್ರ ಗೋಡೆಯತ್ತ ಮುಖ ತಿರುಗಿಸಿದ್ದರು. ಡಾಕ್ಟರು ಮಂಚದ ಅಂಚಿಗೆ ಕುಳಿತು ಕಾರಣ ಕೇಳಿದರು.

"ನನ್ ಕಾಲು ಕೆಟ್ಟ ಬಾಡಿಗೆದಾರರಿದ್ದ ಹಾಗೆ, ಡಾಕ್ಟ್ರಮ್ಮ. ಗಲಾಟೆ ಮಾಡೋವು, ಆದ್ರೆ ಸೂರು ಹೊತ್ಕೊಂಡಿದ್ವು. ನೀವು ಅವನ್ನೇ ಓಡಿಸಿಬಿಟ್ರಿ."

ಪಾದ ನೆಲಕ್ಕೊತ್ತಿದೊಡನೆ ಬರುತ್ತಿದ್ದ ಆ ಸೆಟೆತವೇ ಅವರನ್ನು ಕಂಬದಂತೆ ನಿಲ್ಲಿಸುತ್ತಿತ್ತು; ಹರಿದ ಭುಜ ಮಾಡಲಾರದ ಕೆಲಸವನ್ನು ಮಾಡುತ್ತಿತ್ತು. ಈಗ ಏಳಹೋದರೆ ಒದ್ದೆ ಬಟ್ಟೆಯಂತೆ ಕುಸಿಯುತ್ತಿದ್ದರು.

ಮರುದಿನದ ಸಭೆಯಲ್ಲಿ ಡಾಕ್ಟರು, ಕಾಲನ್ನು ಸುಮ್ಮನಾಗಿಸಲು ಹೋಗಿ ಮನುಷ್ಯನನ್ನೇ ಮಲಗಿಸಿದೆ, ತಪ್ಪು ನನ್ನದು ಎಂದು ಎಲ್ಲರೆದುರು ಹೇಳಿದರು. ಅಷ್ಟು ಹಿರಿಯರ ಬಾಯಿಂದ ಆ ಮಾತು ಕೇಳಿ ನಮ್ಮ ವೃತ್ತಿಯೇ ಒಂದಿಂಚು ಎತ್ತರವಾದಂತೆನಿಸಿತು. ವಾರಗಟ್ಟಲೆ, ಸ್ವಲ್ಪಸ್ವಲ್ಪವಾಗಿ ಔಷಧಿ ಇಳಿಸಿದರು. ನಿದ್ದೆಗೆ ಬೇಕಾದಷ್ಟನ್ನು ರಾತ್ರಿಗೆ ಉಳಿಸಿ, ಬೆಳಗಿನದನ್ನು ಅವರು ಕುರ್ಚಿಗೆ ದಾಟಿದ ನಂತರದ ಹೊತ್ತಿಗೆ ಸರಿಸಿದರು. ಪಾದವನ್ನು ಎಲ್ಲಿ ಊರಿದರೆ ಒದೆತ ಬಾರದೆ ನಿಲುವು ಬರುತ್ತದೆಂಬುದನ್ನು ಮರ್ವಿನ್ ಅವರ ಜೊತೆಗೇ ಹುಡುಕಿದರು. ಇಂದು ನಮ್ಮ ವಾರ್ಡಿನಲ್ಲಿ ಯಾರ ಕಾಲಿನ ಬಿಗಿ ಇಳಿಸುವ ಮೊದಲೂ, ಆ ಬಿಗಿಯಿಂದ ಅವರಿಗೇನಾದರೂ ಉಪಯೋಗವಿದೆಯೇ ಎಂದು ಕೇಳುತ್ತೇವೆ. ಕೇಳಲು ಕಲಿಸಿದವರು ಇವರು.

ನಿವೃತ್ತಿಯ ನಂತರವೂ ಕಿರಿಯರಿಗೆ ಪಾಠ ಹೇಳಲು ಅವರು ಒಪ್ಪಿದ್ದಾರೆ. ಇನ್ನೂ ಹಲವು ಚಳಿಗಾಲ ಅವರ ಬೂಟಿನ ಸದ್ದು ನಮ್ಮ ಆಸ್ಪತ್ರೆಯ ಓಣಿಗಳಲ್ಲಿ ಕೇಳುತ್ತಿರಲಿ. ಆಯುಸ್ಸು ಅವರಿಗೆ, ಆಯಾಸ ನಮಗೆ ಇರಲಿ. ಆದರೆ ಅವರಿಗೆ ಸಲ್ಲಬೇಕಾದ ಅತಿ ದೊಡ್ಡ ಸನ್ಮಾನ, ನನ್ನ ಎಣಿಕೆಯಲ್ಲಿ, ಮರ್ವಿನ್ ಅವರ ಪರೀಕ್ಷೆಯ ಬೆಳಗ್ಗೆಯೇ ಸಂದಿದೆ.

ಮನೆಗೋ ನಿಲಯಕ್ಕೋ ಎಂದು ತೀರ್ಮಾನಿಸುವವರು ಬಾಗಿಲಲ್ಲಿ ನಿಂತಿದ್ದರು. ಮರ್ವಿನ್ ಮಂಚದ ಸರಳು ಹಿಡಿದು ಪಾದಗಳನ್ನು ಒತ್ತಿದರು. ತೊಡೆಗಳು ಅದುರಿದವು, ಕಾಲುಗಳು ಸೆಟೆದವು, ಇಡೀ ಮೈ ಮೇಲೆದ್ದಿತು. ನಿಂತಲ್ಲೇ ಪಾದ ಸರಿಸುತ್ತ ತಿರುಗಿದರು. ಕುರ್ಚಿ ಮಂಡಿಯ ಹಿಂಬದಿಗೆ ತಾಗಿತು. ಸಾಕು, ಮನೆಗೆ ಹೋಗಬಹುದು ಎಂದಿತು ಬಾಗಿಲಲ್ಲಿದ್ದವರಲ್ಲೊಬ್ಬರ ಧ್ವನಿ. ಕೂರಿಸಲೆಂದು ಡಾಕ್ಟರು ಅಭ್ಯಾಸಬಲದಿಂದ ಕೈ ಚಾಚಿದರು. ಮರ್ವಿನ್ ಆ ಕೈಯನ್ನು ನೋಡಿದರು.

"ಬೇಡ, ಡಾಕ್ಟ್ರಮ್ಮ. ನಾನೀಗ ಕೂರಲ್ಲ."